ಪಾಯಿಂಟ್ ಇಲ್ಲದ ಕಾಲದ ಲೆಕ್ಕದ ಮೇಷ್ಟ್ರು: ಮಹಾವೀರಾಚಾರ್ಯ

ಒಂದು ಲೆಕ್ಕದಿಂದ ಶುರು ಮಾಡೋಣ. ಮೊಬೈಲ್ ಪಕ್ಕಕ್ಕಿಟ್ಟು, ಪೆನ್ನು ಹಿಡಿದು ಮಾಡಿ. 142857143 ಅನ್ನೋ ಸಂಖ್ಯೆನ 7ರಿಂದ ಗುಣಿಸಿ. ಉತ್ತರ 1000000001. ಎರಡು ತುದೀಲಿ ಒಂದೊಂದು 1, ನಡುವೆ ಎಂಟು ಸೊನ್ನೆ. ಮುತ್ತಿನ ಹಾರ ಇಟ್ಟ ಹಾಗೆ ಕಾಣುತ್ತೆ ಅಲ್ವಾ? ಸುಮಾರು 1,170 ವರ್ಷದ ಹಿಂದೆ ನಮ್ಮ ಕನ್ನಡ ನಾಡಲ್ಲಿ ಕೂತು ಈ ಲೆಕ್ಕ ಕೊಟ್ಟವರು ಕೂಡ ಇದನ್ನು ಹಾರ ಅಂತಲೇ ಕರೆದರು. ಅವರ ಹೆಸರು ಮಹಾವೀರಾಚಾರ್ಯ.

ಈಗ 1ನ್ನು 7ರಿಂದ ಭಾಗಿಸಿ ನೋಡಿ. 0.142857142857... ಅದೇ ಅಂಕಿಗಳು, ಅದೇ ಕ್ರಮದಲ್ಲಿ ಸುತ್ತುತ್ತಾ ಬರ್ತವೆ. ವಿಷಯ ಏನಪ್ಪಾ ಅಂದ್ರೆ, ಮಹಾವೀರಾಚಾರ್ಯರ ಕಾಲದಲ್ಲಿ ದಶಮಾಂಶ ಬಿಂದುವೇ ಇರಲಿಲ್ಲ. ಒಂದಕ್ಕಿಂತ ಚಿಕ್ಕದನ್ನು ಬರೆಯೋಕೆ ಅವರ ಹತ್ತಿರ ಇದ್ದದ್ದು ಭಿನ್ನರಾಶಿ ಮಾತ್ರ. ಪಾಯಿಂಟ್ ಇಲ್ಲದೆ ಬದುಕಿದ ಈ ಮನುಷ್ಯ, ಪ್ಲೇಸ್‌ಮೆಂಟ್ ಆಪ್ಟಿಟ್ಯೂಡ್ ಟೆಸ್ಟಿಗೆ ತಯಾರಿ ಮಾಡ್ತಿರೋ ನಮಗೆ ಯಾಕೆ ಬೇಕು ಅನ್ನೋದನ್ನೇ ಈ ಸಲ ಬರೀತಿದ್ದೀವಿ.

ಮಹಾವೀರಾಚಾರ್ಯರು ಜೈನ ವಿದ್ವಾಂಸರು. ತಮ್ಮ ಬಗ್ಗೆ ಹೆಚ್ಚೇನೂ ಬರೆದುಕೊಂಡವರಲ್ಲ. ಆದರೆ ತಮ್ಮ ಪುಸ್ತಕದ ಮೊದಲಲ್ಲೇ ಒಬ್ಬ ರಾಜನನ್ನು ಹೊಗಳಿದ್ದಾರೆ, ಅವರ ಕಾಲ ಗೊತ್ತಾಗೋದು ಅದರಿಂದಲೇ. ಆ ರಾಜ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. 814ರಲ್ಲಿ ಇನ್ನೂ ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದು, ಅರವತ್ತಕ್ಕೂ ಹೆಚ್ಚು ವರ್ಷ ಆಳಿದವನು. ರಾಜಧಾನಿ ಮಾನ್ಯಖೇಟ, ಅಂದ್ರೆ ಇವತ್ತಿನ ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಮಳಖೇಡ. ಕಾಗಿಣಾ ನದಿ ದಂಡೆ ಮೇಲೆ ಕೋಟೆ ಇವತ್ತೂ ಇದೆ. ಆಗಿನ ಕಾಲಕ್ಕೆ ಅದು ಎಷ್ಟು ದೊಡ್ಡ ರಾಜ್ಯ ಅಂದ್ರೆ, 851ರ ಸುಮಾರಿಗೆ ಅರಬ್ ವ್ಯಾಪಾರಿ ಸುಲೈಮಾನನ ಬರಹದಲ್ಲಿ ಈ ರಾಜನನ್ನು ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ಕಾನ್‌ಸ್ಟಾಂಟಿನೋಪಲಿನ ದೊರೆ ಇವರ ಸಾಲಿನಲ್ಲಿ ಕೂರಿಸಲಾಗಿದೆ. ನಮ್ಮ ಚಿತ್ರದುರ್ಗದ ಕಡೆ ಆಗ ನೊಳಂಬರು. ಅವರೂ ರಾಷ್ಟ್ರಕೂಟರ ಪ್ರಾಬಲ್ಯ ಒಪ್ಪಿಕೊಂಡವರೇ.

ಪಿಯುಸಿಯಲ್ಲಿ ಕನ್ನಡ ತಗೊಂಡವರಿಗೆ ನೃಪತುಂಗ ಅಂದ ಕೂಡಲೇ ಕವಿರಾಜಮಾರ್ಗ ನೆನಪಾಗುತ್ತೆ. ನಮಗೆ ಸಿಕ್ಕಿರೋ ಕನ್ನಡದ ಮೊದಲ ಗ್ರಂಥ, ಅದೇ ಆಸ್ಥಾನದ್ದು. ಆದಿಪುರಾಣ ಬರೆದ ಜಿನಸೇನಾಚಾರ್ಯರು, ವ್ಯಾಕರಣ ಬರೆದ ಶಾಕಟಾಯನ, ಇವರೆಲ್ಲ ಅದೇ ಕಾಲದವರು. ಒಂದು ಕಡೆ ಕನ್ನಡಕ್ಕೆ ಕಾವ್ಯದ ನಿಯಮ ಬರೀತಿದ್ರೆ, ಇನ್ನೊಂದು ಕಡೆ ಮಹಾವೀರಾಚಾರ್ಯರು ಲೆಕ್ಕಕ್ಕೆ ನಿಯಮ ಬರೀತಿದ್ದರು. ಸುಮಾರು 850ರಲ್ಲಿ ಬಂದ ಅವರ ಪುಸ್ತಕದ ಹೆಸರು ಗಣಿತಸಾರಸಂಗ್ರಹ. ಭಾಷೆ ಸಂಸ್ಕೃತ, ಇಡೀ ಪುಸ್ತಕ ಪದ್ಯದಲ್ಲಿ. ಒಂಬತ್ತು ಅಧ್ಯಾಯ, ಸಾವಿರಕ್ಕೂ ಹೆಚ್ಚು ಪದ್ಯಗಳು.

ಇದರಲ್ಲಿ ಏನು ವಿಶೇಷ? ಆರ್ಯಭಟ, ಬ್ರಹ್ಮಗುಪ್ತ ಎಲ್ಲ ಲೆಕ್ಕ ಬರೆದದ್ದು ಖಗೋಳದ ಪುಸ್ತಕದ ಒಳಗೆ, ಒಂದೆರಡು ಅಧ್ಯಾಯವಾಗಿ. ಗ್ರಹಣ ಯಾವಾಗ, ಗ್ರಹ ಎಲ್ಲಿದೆ ಅಂತ ಹೇಳೋಕೆ ಲೆಕ್ಕ ಬೇಕಿತ್ತು. ಮಹಾವೀರಾಚಾರ್ಯರ ಪುಸ್ತಕದಲ್ಲಿ ಗ್ರಹಗಳ ಗೊಡವೆ ಇಲ್ಲ. ಇದು ಪೂರ್ತಿ ಗಣಿತದ್ದೇ ಪುಸ್ತಕ. ಮೊದಲಲ್ಲೇ ಅವರು ಲೆಕ್ಕ ಎಲ್ಲೆಲ್ಲಿ ಬೇಕು ಅಂತ ಪಟ್ಟಿ ಕೊಡ್ತಾರೆ: ಸಂಗೀತ, ನಾಟಕ, ಅಡುಗೆ, ವೈದ್ಯ, ಕಟ್ಟಡ, ಛಂದಸ್ಸು, ವ್ಯಾಕರಣ. ಲೆಕ್ಕ ಜ್ಯೋತಿಷಿಗಳಿಗೆ ಮಾತ್ರ ಅಲ್ಲ, ಎಲ್ಲರಿಗೂ ಬೇಕು ಅನ್ನೋದು ಅವರ ವಾದ. ಹಾಗಾಗಿ ಇದನ್ನು ಪಠ್ಯಪುಸ್ತಕ ಅಂತ ಧಾರಾಳವಾಗಿ ಕರೀಬಹುದು. ಮೊದಲು ನಿಯಮ, ಆಮೇಲೆ ಉದಾಹರಣೆ. ನಮ್ಮ ಎಂ1, ಎಂ2 ಪುಸ್ತಕದ ಹಾಗೇ, ಆದ್ರೆ ಉದಾಹರಣೆಗಳು ನಮ್ಮವಕ್ಕಿಂತ ರಸವತ್ತಾಗಿವೆ.

ಪುಸ್ತಕದಲ್ಲಿ ಭಿನ್ನರಾಶಿಗೆ ಒಂದು ಪೂರ್ತಿ ಅಧ್ಯಾಯ ಇದೆ, ಹೆಸರು ಕಲಾಸವರ್ಣ. ಕಲಾ ಅಂದ್ರೆ ಭಾಗ, ಅದರಲ್ಲೂ ಚಂದ್ರನ ಹದಿನಾರರಲ್ಲಿ ಒಂದು ಭಾಗ. ಸವರ್ಣ ಅಂದ್ರೆ ಒಂದೇ ಬಣ್ಣ, ಒಂದೇ ಜಾತಿ. ಬೇರೆ ಬೇರೆ ಛೇದ ಇರೋ ಭಾಗಗಳನ್ನು ಒಂದೇ ಬಣ್ಣಕ್ಕೆ ತರೋದು ಕಲಾಸವರ್ಣ. ನಮ್ಮ ಥರ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ಇದನ್ನು ಕಾಮನ್ ಡಿನಾಮಿನೇಟರ್ ಅಂತ ಬಾಯಿಪಾಠ ಮಾಡಿದ್ವಿ. ಹಾಸ್ಟೆಲಲ್ಲಿ ಕನ್ನಡ ಮೀಡಿಯಂನಿಂದ ಬಂದ ಗೆಳೆಯರು ಅಂಶ, ಛೇದ, ಲ.ಸಾ.ಅ. ಅಂತಾರೆ. ಮೊದಲ ಸೆಮಿಸ್ಟರಲ್ಲಿ ಈ ಪದಗಳ ಕಾರಣಕ್ಕೇ ಅವರು ಕ್ಲಾಸಲ್ಲಿ ಕೈ ಎತ್ತೋಕೆ ಹಿಂಜರಿಯೋದನ್ನು ನಾವೆಲ್ಲ ನೋಡಿದ್ದೀವಿ. ಲೆಕ್ಕ ಅವರಿಗೆ ಗೊತ್ತಿರುತ್ತೆ, ಪದ ಮಾತ್ರ ಬೇರೆ. ನಿಜ ಹೇಳಬೇಕಂದ್ರೆ ಮಹಾವೀರಾಚಾರ್ಯರ ಮಾತಿಗೆ ಹತ್ತಿರ ಇರೋರು ಅವರೇ, ನಾವಲ್ಲ.

ಈ ಲ.ಸಾ.ಅ. ವಿಷಯದಲ್ಲಿ ಮಹಾವೀರಾಚಾರ್ಯರ ಕೊಡುಗೆ ದೊಡ್ಡದು. ಅವರು ಅದಕ್ಕೆ ನಿರುದ್ಧ ಅಂತ ಹೆಸರಿಟ್ಟು, ಛೇದಗಳ ಸಾಮಾನ್ಯ ಅಪವರ್ತನಗಳಿಂದ ಅದನ್ನು ಕಂಡುಹಿಡಿಯೋ ಕ್ರಮ ಕೊಟ್ಟರು. 5/6 ಮತ್ತು 3/8 ಕೂಡಿಸಬೇಕು ಅನ್ನಿ. 6 ಗುಣಿಸು 8 ಅಂತ 48ಕ್ಕೆ ಹೋದರೂ ಉತ್ತರ ಬರುತ್ತೆ, ಆದರೆ ಆಮೇಲೆ ಮತ್ತೆ ಸಂಕ್ಷೇಪಿಸಬೇಕು. ನಿರುದ್ಧ 24. ಆಗ 20/24 + 9/24 = 29/24, ಮುಗೀತು. ಭಾಗಾಕಾರಕ್ಕೆ ಭಾಜಕದ ಅಂಶ-ಛೇದ ಅದಲುಬದಲು ಮಾಡಿ ಗುಣಿಸಿ ಅನ್ನೋ ನಿಯಮವೂ ಈ ಅಧ್ಯಾಯದಲ್ಲಿದೆ.

ಭಿನ್ನರಾಶಿಗಳನ್ನು ಅವರು ಆರು ಜಾತಿ ಮಾಡ್ತಾರೆ. ಸಾದಾ ಭಾಗ, ಭಾಗದ ಭಾಗವಾದ ಪ್ರಭಾಗ, ಭಾಗದಿಂದ ಭಾಗಿಸೋ ಭಾಗಭಾಗ, ಕೂಡಿಕೊಂಡ ಭಾಗಾನುಬಂಧ, ಕಳೆದ ಭಾಗಾಪವಾಹ. ಆರನೆಯದು ಭಾಗಮಾತೃ, ಅಂದ್ರೆ ಮೊದಲಿನ ಐದರಲ್ಲಿ ಎರಡೋ ಅದಕ್ಕಿಂತ ಹೆಚ್ಚೋ ಬೆರೆತದ್ದು. ಇದರಲ್ಲಿ 26 ಬಗೆ ಅಂತ ಹೇಳ್ತಾರೆ. ಯಾಕೆ 26? ಐದರಲ್ಲಿ ಎರಡು ಆರಿಸಿದರೆ 10, ಮೂರು ಆರಿಸಿದರೆ 10, ನಾಲ್ಕು ಆರಿಸಿದರೆ 5, ಐದೂ ಸೇರಿದರೆ 1. ಒಟ್ಟು 26. ಕಾಂಬಿನೇಷನ್! n ವಸ್ತುಗಳಲ್ಲಿ r ಆರಿಸೋಕೆ ಎಷ್ಟು ದಾರಿ ಅನ್ನೋದಕ್ಕೆ ಸಾಮಾನ್ಯ ಸೂತ್ರವನ್ನೂ ಅವರು ಇದೇ ಪುಸ್ತಕದಲ್ಲಿ ಕೊಟ್ಟಿದ್ದಾರೆ. ಪಿಯುಸಿಯಲ್ಲಿ ಯೂರೋಪಿನಿಂದ ಬಂತು ಅಂದುಕೊಂಡು ಓದಿದ್ದು ಮಳಖೇಡದ ರಾಜನ ಕಾಲದಲ್ಲೇ ಪದ್ಯವಾಗಿತ್ತು.

ಈಗ ಅವರ ಒಂದು ಪ್ರಸಿದ್ಧ ಲೆಕ್ಕ, ನಮ್ಮ ಮಾತಲ್ಲಿ. ವಸಂತದ ಒಂದು ರಾತ್ರಿ, ಗಂಡ ಹೆಂಡತಿಯ ಸರಸದಲ್ಲಿ ಅವಳ ಮುತ್ತಿನ ಹಾರ ಹರಿದುಹೋಯ್ತು. ಮೂರರಲ್ಲಿ ಒಂದು ಪಾಲು ಮುತ್ತು ದಾಸಿಯ ಕಡೆ ಹೋದವು. ಆರರಲ್ಲಿ ಒಂದು ಪಾಲು ಹಾಸಿಗೆ ಮೇಲೆ ಬಿದ್ದವು. ಉಳಿದದ್ದರಲ್ಲಿ ಅರ್ಧ, ಮತ್ತೆ ಉಳಿದದ್ದರಲ್ಲಿ ಅರ್ಧ, ಹೀಗೆ ಆರು ಸಲ ಸುತ್ತಮುತ್ತ ಚೆಲ್ಲಿದವು. ಕೊನೆಗೆ ಉಳಿದದ್ದು 1161 ಮುತ್ತು. ಹಾರದಲ್ಲಿ ಒಟ್ಟು ಎಷ್ಟಿದ್ವು?

ಭಿನ್ನರಾಶಿಯಲ್ಲಿ ಮಾಡಿ. 1/3 + 1/6 = 1/2 ಹೋಯ್ತು, 1/2 ಉಳೀತು. ಅದನ್ನು ಆರು ಸಲ ಅರ್ಧ ಮಾಡಿದರೆ 1/64 ಪಾಲು. ಒಟ್ಟಿನ 1/128 ಭಾಗ ಅಂದ್ರೆ 1161. ಹಾಗಾದ್ರೆ 1161 × 128 = 148608. ಎರಡು ಸಾಲಿನ ಕೆಲಸ.

ಈಗ ಗಡಿಬಿಡಿಯಲ್ಲಿ ದಶಮಾಂಶಕ್ಕೆ ಹಾರೋಣ. 1/3ನ್ನು 0.33, 1/6ನ್ನು 0.16 ಅಂತ ಕತ್ತರಿಸಿ ಬರೆದರೆ 0.49 ಹೋಯ್ತು, 0.51 ಉಳೀತು. ಮುಂದಿನದೆಲ್ಲ ಸರಿಯಾಗೇ ಮಾಡಿದರೂ ಉತ್ತರ ಸುಮಾರು 145694. ಅಂದ್ರೆ 2900ಕ್ಕೂ ಹೆಚ್ಚು ಮುತ್ತು ಮಾಯ! ಕದ್ದವರು ಯಾರೂ ಇಲ್ಲ. ಎರಡನೇ ಸ್ಥಾನಕ್ಕೆ ನಿಲ್ಲಿಸಿದ ಆ ಪಾಯಿಂಟೇ ಕಳ್ಳ. ಟೆಸ್ಟಲ್ಲಿ ನಾಲ್ಕು ಆಯ್ಕೆ ಹತ್ತಿರ ಹತ್ತಿರ ಕೊಟ್ಟಿರುತ್ತಾರಲ್ಲ, ಅದು ಈ ಕಳ್ಳನನ್ನು ನಂಬಿದವರಿಗೇ ಇಟ್ಟ ಬಲೆ.

ಹಾಗಂತ ದಶಮಾಂಶ ಕೆಟ್ಟದ್ದು ಅಂತಲ್ಲ. ಮಹಾವೀರಾಚಾರ್ಯರಾದ ಮೇಲೆ ನೂರು ವರ್ಷಕ್ಕೆ, 952ರ ಸುಮಾರಿಗೆ ಡಮಾಸ್ಕಸ್‌ನಲ್ಲಿ ಅಲ್-ಉಕ್ಲಿದಿಸಿ ದಶಮಾಂಶ ಭಿನ್ನರಾಶಿ ಬಳಸಿದರು. ಹದಿನೈದನೇ ಶತಮಾನದಲ್ಲಿ ಸಮರ್‌ಕಂದದ ಅಲ್-ಕಾಶಿ ಅದನ್ನು ಕ್ರಮವಾಗಿ ಬೆಳೆಸಿದರು. 1585ರಲ್ಲಿ ಸೈಮನ್ ಸ್ಟೆವಿನ್ ಚಿಕ್ಕ ಪುಸ್ತಕ ಬರೆದು ಯೂರೋಪಿನ ವ್ಯಾಪಾರಿಗಳಿಗೂ ಮೋಜಣಿದಾರರಿಗೂ ಕಲಿಸಿದರು. ಈ ಸ್ಟೆವಿನ್ ಕೂಡ ಎಂಜಿನಿಯರೇ, ನಮ್ಮವರೇ! ಕೂಡೋಕೆ, ಹೋಲಿಸೋಕೆ, ಅಳತೆ ಬರೆಯೋಕೆ ದಶಮಾಂಶದಷ್ಟು ಸಲೀಸು ಬೇರೆ ಇಲ್ಲ. 5/8 ದೊಡ್ಡದೋ 7/11 ದೊಡ್ಡದೋ ಅಂದ್ರೆ ತಲೆ ಕೆರ್ಕೋಬೇಕು. 0.625, 0.636 ಅಂದ್ರೆ ಕಣ್ಣಿಗೇ ಕಾಣುತ್ತೆ. ಯಾವಾಗ ಯಾವುದು ಅನ್ನೋ ವಿವೇಕ ಬೇಕು, ಅಷ್ಟೇ.

ಆ ವಿವೇಕಕ್ಕೆ ಕೀಲಿಕೈ ಛೇದದಲ್ಲಿದೆ. ಭಿನ್ನರಾಶಿಯನ್ನು ಪೂರ್ತಿ ಸಂಕ್ಷೇಪಿಸಿದ ಮೇಲೆ ಛೇದದಲ್ಲಿ 2 ಮತ್ತು 5 ಮಾತ್ರ ಅಪವರ್ತನಗಳಾಗಿದ್ದರೆ ದಶಮಾಂಶ ನಿಲ್ಲುತ್ತೆ. ಯಾಕಂದ್ರೆ 10 ಅಂದ್ರೆ 2 × 5. ಛೇದವನ್ನು 10, 100, 1000 ಮಾಡಬಹುದು. 3/8ಕ್ಕೆ ಮೇಲೆ ಕೆಳಗೆ 125ರಿಂದ ಗುಣಿಸಿ, 375/1000, ಅಂದ್ರೆ 0.375. ಬೇರೆ ಯಾವುದೇ ಅವಿಭಾಜ್ಯ ಸಂಖ್ಯೆ, 3 ಆಗಲಿ 7 ಆಗಲಿ 11 ಆಗಲಿ, ಛೇದದಲ್ಲಿ ಉಳಿದಿದ್ದರೆ ಅಂಕಿಗಳು ಸುತ್ತುತ್ತಲೇ ಇರ್ತವೆ. ವಾಪಸ್ ಬರೋ ದಾರಿಯೂ ಸುಲಭ. 0.272727... ಅನ್ನೋದನ್ನು x ಅನ್ನಿ. 100x ಅಂದ್ರೆ 27.2727... ಕಳೆದರೆ 99x = 27, ಹಾಗಾಗಿ x = 3/11. ಟೆಸ್ಟಲ್ಲಿ 648ರ ಶೇಕಡಾ 62.5 ಎಷ್ಟು ಅಂತ ಕೇಳಿದರೆ 0.625ರಿಂದ ಗುಣಿಸೋಕೆ ಕೂರಬೇಡಿ. ಅದು 5/8. 648ರಲ್ಲಿ ಎಂಟನೇ ಒಂದು 81, ಐದು ಪಾಲು 405. ಹತ್ತು ಸೆಕೆಂಡ್ ಸಾಕು. 1/2ರಿಂದ 1/12ರವರೆಗೆ, ಜೊತೆಗೆ 1/16ರ ದಶಮಾಂಶ ಬಾಯಿಗೆ ಬಂದ್ರೆ ಆಪ್ಟಿಟ್ಯೂಡಿನ ಶೇಕಡಾವಾರು, ಲಾಭ ನಷ್ಟ, ಬಡ್ಡಿ ಲೆಕ್ಕಗಳಲ್ಲಿ ಅರ್ಧ ಸಮಯ ಉಳಿಯುತ್ತೆ.

ಕಂಪ್ಯೂಟರ್ ಸೈನ್ಸಿನವರು ನಗಬೇಡಿ, ನಿಮಗೂ ಇದೆ. ಕಂಪ್ಯೂಟರಿನ ಲೆಕ್ಕ ಎರಡರ ಆಧಾರದ್ದು. ಅಲ್ಲಿ ಛೇದದಲ್ಲಿ 2 ಬಿಟ್ಟು ಬೇರೆ ಏನಿದ್ದರೂ ಅಂಕಿ ಸುತ್ತುತ್ತೆ. 1/10ರ ಛೇದದಲ್ಲಿ 5 ಇದೆಯಲ್ಲ, ಹಾಗಾಗಿ ನಮಗೆ ಸಲೀಸಾದ 0.1 ಕಂಪ್ಯೂಟರಿಗೆ ಎಂದೂ ಮುಗಿಯದ ಸಂಖ್ಯೆ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಬರುತ್ತಿದ್ದ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ. ಅದರ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಪಾಲನ್ನು ಎಣಿಸುತ್ತಿತ್ತು, ಆ 1/10ನ್ನು 24 ಬಿಟ್‌ಗೆ ಕತ್ತರಿಸಲಾಗಿತ್ತು. ನೂರು ಗಂಟೆ ಸತತ ಓಡಿದ ಮೇಲೆ ಗಡಿಯಾರ ಸುಮಾರು 0.34 ಸೆಕೆಂಡ್ ತಪ್ಪಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗುತ್ತೆ. 28 ಸೈನಿಕರು ಸತ್ತರು. ಹಾರದ ಲೆಕ್ಕದಲ್ಲಿ ಮುತ್ತು ಹೋದವು, ಇಲ್ಲಿ ಜೀವ ಹೋದವು.

ಅಷ್ಟು ದೂರ ಯಾಕೆ, ನಮ್ಮ ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಗೇ ಬನ್ನಿ. ತೆಂಗು, ಅಡಿಕೆ ತೋಟದ ಊರುಗಳು. ಪಹಣಿಯಲ್ಲಿ ಜಮೀನಿನ ವಿಸ್ತೀರ್ಣ 2.10 ಅಂತ ಇದ್ದರೆ ಅದು ಎರಡು ಪಾಯಿಂಟ್ ಒಂದು ಎಕರೆ ಅಲ್ಲ. ಎರಡು ಎಕರೆ ಹತ್ತು ಗುಂಟೆ. ಎಕರೆಗೆ 40 ಗುಂಟೆ, ಹತ್ತು ಗುಂಟೆ ಅಂದ್ರೆ ಕಾಲು ಎಕರೆ. ಕ್ಯಾಲ್ಕುಲೇಟರಿಗೆ ಕೊಡಬೇಕಾದ್ದು 2.25. ಓದು ಬಂದ ಮನೆ ಮಗ ಎಕರೆ ಬೆಲೆಗೆ 2.10 ಹಾಕಿ ಗುಣಿಸಿದರೆ ಮನೆಯವರು 0.15 ಎಕರೆ, ಅಂದ್ರೆ ಆರು ಗುಂಟೆ ತೋಟದ ದುಡ್ಡು ಕಳ್ಕೋತಾರೆ. ಶಾಲೆಗೆ ಹೋಗದ ಅಜ್ಜ ಎರಡೂಕಾಲು ಎಕರೆ ಕಣಪ್ಪಾ ಅಂತ ಕೂತಲ್ಲೇ ಹೇಳ್ತಾರೆ. ಗುಂಟೆಗೆ ಮತ್ತೆ 16 ಆಣೆ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆ ಬರೋವರೆಗೆ ರೂಪಾಯಿಗೂ 16 ಆಣೆಯೇ ಇತ್ತು. ಒಂದು ಆಣೆ 6.25 ಪೈಸೆ ಆಯ್ತು. ನಾಲ್ಕಾಣೆ, ಎಂಟಾಣೆ ನಾಣ್ಯ ಹೋದರೂ ಮಾತು ಹೋಗಿಲ್ಲ.

ಕನ್ನಡದಲ್ಲಿ ಹದಿನಾರರಲ್ಲಿ ಒಂದಕ್ಕೆ ವೀಸ ಅಂತ ಹೆಸರು. ಹಿರಿಯರು ಹೆಚ್ಚುಕಮ್ಮಿ ಪೂರ್ತಿ ಅನ್ನೋದಕ್ಕೆ ಮುಕ್ಕಾಲು ಮೂರು ವೀಸ ಪಾಲು ಅಂತಾರಲ್ಲ, ಅದನ್ನು ಲೆಕ್ಕ ಹಾಕಿ ನೋಡಿ. ಮುಕ್ಕಾಲು ಅಂದ್ರೆ 12/16, ಮೂರು ವೀಸ 3/16, ಒಟ್ಟು 15/16. ದಶಮಾಂಶದಲ್ಲಿ 0.9375. ಬೇರೆ ಬೇರೆ ಛೇದದ ಎರಡು ಭಾಗ ಒಂದೇ ಬಣ್ಣಕ್ಕೆ ಬಂದವು. ನಮ್ಮ ಅಜ್ಜಿಯರು ಮಾತಲ್ಲೇ ಕಲಾಸವರ್ಣ ಮಾಡ್ತಿದ್ದರು!

ಮಹಾವೀರಾಚಾರ್ಯರು ಎಲ್ಲ ಸರಿ ಹೇಳಿದರು ಅಂತ ನಾವು ಹೇಳೋದಿಲ್ಲ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗಲ್ಲ ಅಂತ ಬರೆದರು, ಅದು ತಪ್ಪು. ಆದರೆ ಋಣ ಸಂಖ್ಯೆಗೆ ವರ್ಗಮೂಲ ಇಲ್ಲ, ಯಾಕಂದ್ರೆ ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ ಅಂತ ಸ್ಪಷ್ಟವಾಗಿ ಹೇಳಿದ ಮೊದಲಿಗರಲ್ಲಿ ಅವರೊಬ್ಬರು. ದಿನಾ ಜೆ ಬರೆಯೋ ಎಲೆಕ್ಟ್ರಿಕಲ್ ಗೆಳೆಯರು ಇದನ್ನು ಓದಿ ಒಂದು ನಗು ನಕ್ಕರೂ ಪರವಾಗಿಲ್ಲ. ಆ ಜೆ ಹುಟ್ಟೋಕೆ ಇನ್ನೂ ಏಳು ಶತಮಾನ ಬೇಕಿತ್ತು.

ಅವರಾದ ಮೇಲೆ ಪುಸ್ತಕ ಬದುಕಿತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದರು. 12ನೇ ಶತಮಾನದಲ್ಲಿ ರಾಜಾದಿತ್ಯ ವ್ಯವಹಾರಗಣಿತ ಬರೆದು ಕನ್ನಡದಲ್ಲೇ ಗಣಿತ ಹೇಳಿದರು. ಮಹಾವೀರಾಚಾರ್ಯರ ಗ್ರಂಥ ತಾಳೆಗರಿಗಳಲ್ಲಿ ಉಳಿದಿತ್ತು. ಮದ್ರಾಸಿನ ಪ್ರೊಫೆಸರ್ ಎಂ. ರಂಗಾಚಾರ್ಯರು ಮದ್ರಾಸ್, ಮೈಸೂರು, ಮೂಡುಬಿದಿರೆಯ ಪ್ರತಿಗಳನ್ನು ಹೋಲಿಸಿ, ಇಂಗ್ಲಿಷ್ ಅನುವಾದದ ಜೊತೆ 1912ರಲ್ಲಿ ಅಚ್ಚು ಹಾಕಿಸಿದರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಯೂಜೀನ್ ಸ್ಮಿತ್ ಅದಕ್ಕೆ ಮುನ್ನುಡಿ ಬರೆದರು. ಕನ್ನಡ ಅನುವಾದ ಪದ್ಮಾವತಮ್ಮ ಅವರದ್ದು, 2000ರಲ್ಲಿ ಹೊಂಬುಜ ಜೈನ ಮಠದಿಂದ ಬಂತು. ಮಳಖೇಡದಲ್ಲಿ ಹುಟ್ಟಿದ ಪುಸ್ತಕ ಇಂಗ್ಲಿಷಿಗೆ ಹೋಗಿ 88 ವರ್ಷ ಆದ ಮೇಲೆ ಹೀಗೆ ಕನ್ನಡದಲ್ಲಿ ಓದೋಕೆ ಸಿಕ್ಕಿತು. ಲೆಕ್ಕ ಅಂದ್ರೆ ಇಂಗ್ಲಿಷಿನ ಆಸ್ತಿ ಅಂದುಕೊಂಡು ಹಿಂದಿನ ಬೆಂಚಲ್ಲಿ ಸುಮ್ಮನೆ ಕೂರೋ ಗೆಳೆಯರು ಯಾರಾದ್ರೂ ಇದ್ದರೆ ಈ ಮಾತನ್ನು ಅವರಿಗೆ ತಲುಪಿಸಿ.

ಕೊನೆಗೆ ಮಹಾವೀರಾಚಾರ್ಯರಿಂದಲೇ ಒಂದು ಕೆಲಸ. ಅಂಶ 1 ಇರೋ ಭಿನ್ನರಾಶಿಗಳನ್ನೇ ಕೂಡಿಸಿ ಮೊತ್ತ 1 ಬರೋ ಹಾಗೆ ಮಾಡೋಕೆ ಅವರೊಂದು ನಿಯಮ ಕೊಟ್ಟಿದ್ದಾರೆ. 1ರಿಂದ ಶುರು ಮಾಡಿ ಮೂರು ಮೂರು ಪಟ್ಟು ಬರೀತಾ ಹೋಗಿ: 1, 3, 9, 27. ಮೊದಲನೆಯದನ್ನು 2ರಿಂದ, ಕೊನೆಯದನ್ನು 2/3ರಿಂದ ಗುಣಿಸಿ. ಛೇದಗಳು 2, 3, 9, 18 ಆದವು. 1/2 + 1/3 + 1/9 + 1/18 ಕೂಡಿ ನೋಡಿ, ಸರಿಯಾಗಿ 1. ಇದೇ ನಿಯಮದಲ್ಲಿ ಆರು ಭಿನ್ನರಾಶಿ ಬರುವ ಹಾಗೆ ಮಾಡಿ. ಆಮೇಲೆ ಅದನ್ನೇ ಎರಡು ಸ್ಥಾನದ ದಶಮಾಂಶದಲ್ಲಿ ಕೂಡಿ, 1ಕ್ಕೆ ಎಷ್ಟು ಕಮ್ಮಿ ಬೀಳುತ್ತೆ ಅಂತಲೂ ಬರೆದು ಕನ್ನಡ ಸಂಘದ ನೋಟೀಸ್ ಬೋರ್ಡಿಗೆ ಅಂಟಿಸಿ. ಕ್ಯಾಲ್ಕುಲೇಟರ್ ಮುಟ್ಟಿದವರ ಉತ್ತರ ಲೆಕ್ಕಕ್ಕಿಲ್ಲ.